ಬೋರ್ಡು ಕಾಣದ ಮಕ್ಕಳು

(ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿಗಳಲ್ಲಿ ಗಿರಣಿ ಕೆಲಸಗಾರರ ಹಾಗೂ ಚಿಲ್ಲರೆ ವರ್ತಕರ ಸಭೆಗಳಲ್ಲಿ ಮಾಡಿದ ಭಾಷಣದ ಬರಹರೂಪ)



ಕೂಲಿ ದರ, ಬೋನಸ್ಸು, ಅಂಗಡಿ ಲೈಸೆನ್ಸು, ಇವುಗಳ ಮಾತು ಕೇಳಲು ಬಂದವರ ಮುಂದೆ ಈತ ಮಕ್ಕಳ ಕಣ್ಣಿನ ವಿಷಯ ತೆಗೆದನಲ್ಲ ಎಂದು ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ. ನಾನು ವೈದ್ಯನಲ್ಲ. ಮೆಟ್ರಿಕ್‌ವರೆಗೆ ಓದಿ, ಕೆಲವು ವರ್ಷ ಹುಡುಗರಿಗೆ ಪಾಠ ಹೇಳಿ, ಆಮೇಲೆ ಪಕ್ಷದ ಕೆಲಸಕ್ಕೆ ಬಿದ್ದವನು. ಆದರೆ ಪಾಠ ಹೇಳುವವನಿಗೆ ತರಗತಿಯ ಮುಂದೆ ನಿಂತಾಗ ವೈದ್ಯರಿಗೂ ಕಾಣದ ಒಂದು ಸಂಗತಿ ಕಾಣುತ್ತದೆ. ಹಿಂದಿನ ಬೆಂಚಿನ ಹುಡುಗ ಬೋರ್ಡಿನ ಲೆಕ್ಕವನ್ನು ಬೋರ್ಡು ನೋಡಿ ಬರೆದುಕೊಳ್ಳುವುದಿಲ್ಲ, ಪಕ್ಕದವನ ಪುಸ್ತಕ ನೋಡಿ ಬರೆದುಕೊಳ್ಳುತ್ತಾನೆ. ಮೇಷ್ಟರು ಅವನನ್ನು ಕಳ್ಳನೆನ್ನುತ್ತಾರೆ, ಇಲ್ಲವೇ ದಡ್ಡನೆನ್ನುತ್ತಾರೆ. ಅವನೂ ಒಂದೆರಡು ವರ್ಷ ಅದನ್ನು ಕೇಳಿಕೇಳಿ ತಾನು ದಡ್ಡನೇ ಇರಬೇಕೆಂದು ನಂಬುತ್ತಾನೆ. ಆಮೇಲೆ ಶಾಲೆ ಬಿಟ್ಟು ಮಂಡಿಯಲ್ಲಿ ಚೀಲ ಹೊರಲು ಸೇರುತ್ತಾನೆ. ಅವನಿಗೆ ಬೇಕಾಗಿದ್ದುದು ಬುದ್ಧಿಯಲ್ಲ, ಒಂದು ಕನ್ನಡಕ. ಸಾಹುಕಾರರ ಮಗನಿಗೆ ಈ ದೋಷ ಬಂದರೆ ವಾರದೊಳಗೆ ಶಿವಮೊಗ್ಗಕ್ಕೆ ಹೋಗಿ ಕನ್ನಡಕ ತರುತ್ತಾರೆ. ನಮ್ಮ ಮಕ್ಕಳಿಗೆ ಬಂದರೆ ಅದು ಅವರ ಹಣೆಬರಹವಾಗಿಬಿಡುತ್ತದೆ. ಆದ್ದರಿಂದ ಇದು ನಮ್ಮ ಸಭೆಯ ವಿಷಯವೇ ಹೌದು.

ಈ ದೋಷಕ್ಕೆ ಶಾಲೆಯ ಪುಸ್ತಕದಲ್ಲಿ ಸಮೀಪದೃಷ್ಟಿ ಎಂದು ಹೆಸರು. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕಾಗುತ್ತದೆ. ಇದು ಕಣ್ಣಿಗೆ ಶಕ್ತಿ ಕಡಿಮೆಯಾಗಿ ಬರುವುದಲ್ಲ. ಕಣ್ಣುಗುಡ್ಡೆ ಬೇಕಾದುದಕ್ಕಿಂತ ಉದ್ದ ಬೆಳೆದು ಬರುವುದು. ಹುಟ್ಟಿದ ಮಗುವಿನ ಕಣ್ಣುಗುಡ್ಡೆ ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್ ಇರುತ್ತದೆ. ದೊಡ್ಡವರದು ಸುಮಾರು 24. ಹೊರಗಿನ ಬೆಳಕು ಕಣ್ಣಿನೊಳಗೆ ಹೋಗಿ, ಹಿಂಗೋಡೆಯ ಮೇಲಿರುವ ಅಕ್ಷಿಪಟದ ಮೇಲೆ ಸರಿಯಾಗಿ ಕೂಡಿದರೆ ಚಿತ್ರ ಸ್ಪಷ್ಟ. ಗುಡ್ಡೆ ಉದ್ದವಾದರೆ ಗೋಡೆ ಹಿಂದಕ್ಕೆ ಸರಿಯಿತು, ಬೆಳಕು ಅದಕ್ಕಿಂತ ಮುಂದೆಯೇ ಕೂಡಿತು, ಚಿತ್ರ ಕಲಸಿಹೋಯಿತು. ಸಿನಿಮಾ ಟಾಕೀಸಿನಲ್ಲಿ ಪರದೆಯನ್ನು ನಾಲ್ಕು ಮಾರು ಹಿಂದಕ್ಕೆ ಎಳೆದರೆ ಹೇಗೋ ಹಾಗೆ. ಕಣ್ಣು ಒಂದೇ ಒಂದು ಮಿಲಿಮೀಟರ್ ಹೆಚ್ಚು ಬೆಳೆದರೆ ಕನ್ನಡಕದ ನಂಬರು ಎರಡೂವರೆಯಿಂದ ಮೂರರಷ್ಟು ಏರುತ್ತದೆ. ಬೆಳೆದ ಕಣ್ಣು ಮತ್ತೆ ಗಿಡ್ಡವಾಗುವುದಿಲ್ಲ. ಬೆಳೆದ ಹುಡುಗ ಮತ್ತೆ ಕುಳ್ಳನಾಗುವುದುಂಟೇ? ಹಾಗಾಗಿ ಈ ದೋಷವನ್ನು ಗುಣ ಮಾಡುತ್ತೇನೆಂದು ಹೇಳುವವನನ್ನು ನಂಬಬೇಡಿ. ಬರುವುದನ್ನು ತಡ ಮಾಡಬಹುದು, ಬಂದ ಮೇಲೆ ಏರುವ ವೇಗವನ್ನು ತಗ್ಗಿಸಬಹುದು. ಇಷ್ಟೇ ಇರುವ ದಾರಿ, ಆದರೆ ಇಷ್ಟು ಸಣ್ಣದೇನಲ್ಲ.

ನಂಬರು ಎಂದೆನಲ್ಲ, ಅದರ ಲೆಕ್ಕ ವರ್ತಕ ಮಿತ್ರರಿಗೆ ಸುಲಭವಾಗಿ ಹಿಡಿಯುತ್ತದೆ. ಚೀಟಿಯಲ್ಲಿ ಮೈನಸ್ ಒಂದು ಎಂದಿದ್ದರೆ ಆ ಮಗುವಿಗೆ ಕನ್ನಡಕವಿಲ್ಲದೆ ಒಂದು ಮೀಟರ್ ದೂರದವರೆಗೆ ಮಾತ್ರ ಸ್ಪಷ್ಟ. ಮೈನಸ್ ಎರಡಾದರೆ ಅರ್ಧ ಮೀಟರ್. ಮೈನಸ್ ನಾಲ್ಕಾದರೆ 25 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಸ್ವಲ್ಪ ಹೆಚ್ಚು. ಒಂದನ್ನು ನಂಬರಿನಿಂದ ಭಾಗಿಸಿ, ಬಂದದ್ದು ಅವನ ಲೋಕದ ಅಳತೆ. ಅದರಾಚೆಗೆ ಕೊಡಚಾದ್ರಿಯೂ ಮಂಜು, ಎದುರು ಬರುವ ಬಸ್ಸೂ ಮಂಜು.

ಕನ್ನಡಕ ಹಾಕಿದರೆ ಮುಗಿಯಿತಲ್ಲ, ಏರಿದರೇನು ಎಂದು ಕೇಳುವವರಿದ್ದಾರೆ. ನಂಬರು ಎರಡು ಮೂರರಲ್ಲಿ ನಿಂತರೆ ದೊಡ್ಡ ಅಪಾಯವಿಲ್ಲ ನಿಜ. ಆದರೆ ಏಳೆಂಟು ವರ್ಷಕ್ಕೇ ಶುರುವಾದ ಮಗುವಿಗೆ ವರ್ಷಕ್ಕೆ ಅರ್ಧದಿಂದ ಒಂದರಂತೆ ಏರುತ್ತಾ ಹೋಗಿ, ಮೀಸೆ ಬರುವ ಹೊತ್ತಿಗೆ ಆರು ದಾಟುವುದುಂಟು. ಆರು ದಾಟಿದ ಕಣ್ಣಿನಲ್ಲಿ ಒಳಗಿನ ಅಕ್ಷಿಪಟ ಜಗ್ಗಿ ತೆಳ್ಳಗಾಗಿರುತ್ತದೆ. ಮುಂದೆ ಅದು ಹರಿಯಬಹುದು, ಗೋಡೆಯಿಂದ ಕಳಚಿ ಬರಬಹುದು. ಗ್ಲಾಕೋಮಾ ಎಂಬ ಒತ್ತಡದ ರೋಗ ಬರುವ ಸಂಭವ ಹೆಚ್ಚುತ್ತದೆ. ನಡುವಯಸ್ಸಿನಲ್ಲಿ ನಟ್ಟನಡುವಿನ ನೋಟವೇ ಕೆಡಬಹುದು. ಆಗ ಯಾವ ಕನ್ನಡಕವೂ ಉಪಯೋಗಕ್ಕೆ ಬಾರದು. ಗರಗಸದ ಮುಂದೆ, ಹಲ್ಲರ್ ಯಂತ್ರದ ಮುಂದೆ ನಿಂತು ಅನ್ನ ದುಡಿಯುವವನಿಗೆ ನಲವತ್ತೈದರಲ್ಲಿ ಕಣ್ಣು ಹೋದರೆ ಮನೆಯ ಗತಿ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಎಷ್ಟು ಬೇಗ ಶುರುವಾಗುತ್ತದೋ ಅಷ್ಟು ದೂರ ಏರುತ್ತದೆ. ಅದಕ್ಕೇ ಎಂಟನೆಯ ವರ್ಷಕ್ಕೆ ಬರುವುದನ್ನು ಹನ್ನೆರಡಕ್ಕೆ ತಳ್ಳಿದರೂ ದೊಡ್ಡ ಲಾಭವೇ.

ಇದು ಯಾಕೆ ಬರುತ್ತದೆ? ಅಪ್ಪನಿಗಿತ್ತು, ಮಗನಿಗೂ ಬಂತು ಎನ್ನುವುದು ಹಳೆಯ ಉತ್ತರ. ಅದರಲ್ಲಿ ಸತ್ಯಾಂಶವಿದೆ, ತಂದೆ ತಾಯಿ ಇಬ್ಬರಿಗೂ ಇದ್ದರೆ ಮಕ್ಕಳಿಗೆ ಬರುವ ಸಂಭವ ಜಾಸ್ತಿ. ಆದರೆ ರಕ್ತ ಒಂದು ತಲೆಮಾರಿನಲ್ಲಿ ಬದಲಾಗುವುದಿಲ್ಲವಷ್ಟೆ? ಅಲಾಸ್ಕಾದ ಬ್ಯಾರೋ ಎಂಬ ಹಿಮದ ಊರಿನಲ್ಲಿ ಎಸ್ಕಿಮೋ ಜನರ ಕಣ್ಣು ಪರೀಕ್ಷಿಸಿದ ವರದಿ 1969ರಲ್ಲಿ ಬಂತು. ಬೇಟೆಯಾಡಿ ಬೆಳೆದ ಹಿರಿಯರು 131 ಮಂದಿಯಲ್ಲಿ ಈ ದೋಷವಿದ್ದವರು ಇಬ್ಬರೇ. ಶಾಲೆಗೆ ಹೋದ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು. ಅದೇ ರಕ್ತ, ಅದೇ ಊರು, ಬದಲಾದದ್ದು ಬಾಳುವೆ.

ನಮ್ಮ ದೇಶದ ಲೆಕ್ಕವನ್ನೂ ನೋಡಿ. 2002ರಲ್ಲಿ ಒಂದೇ ಕ್ರಮದಲ್ಲಿ ಎರಡು ಕಡೆ ಮಾಡಿದ ಪರೀಕ್ಷೆಗಳ ವರದಿ ಪ್ರಕಟವಾಯಿತು. ದೆಹಲಿಯ ಮಕ್ಕಳಲ್ಲಿ ನೂರಕ್ಕೆ 7.4. ನಮ್ಮ ರಾಯಚೂರಿನ ಪಕ್ಕದ ಮೆಹಬೂಬ್‌ನಗರ ಜಿಲ್ಲೆಯ ಹಳ್ಳಿ ಮಕ್ಕಳಲ್ಲಿ 4.1. ಇದು ಹಳ್ಳಿ ಮತ್ತು ಪಟ್ಟಣದ ಅಂತರ. 2015ರಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ವೈದ್ಯರು ಅದೇ ನಗರದ 9,884 ಶಾಲಾಮಕ್ಕಳ ಲೆಕ್ಕ ಕೊಟ್ಟರು: ನೂರಕ್ಕೆ 13.1. ಇಡೀ ಜಗತ್ತಿನಲ್ಲಿ 2050ರ ಹೊತ್ತಿಗೆ ಅರ್ಧದಷ್ಟು ಜನ ಈ ದೋಷದವರಾಗುತ್ತಾರೆಂದು 2016ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ.

ಹೆಚ್ಚು ಓದುವುದೇ ಕಾರಣ ಎಂದು ಹಿಂದಿನವರು ತಿಳಿದಿದ್ದರು. ಹಾಗಿದ್ದರೆ ನಮ್ಮಂಥವರಿಗೆ ಅದು ಬಹಳ ಕಹಿಯಾದ ಸುದ್ದಿ. ಹೊಟ್ಟೆ ಕಟ್ಟಿ ಮಗುವನ್ನು ಓದಿಸಿದರೆ ಕಣ್ಣು ಹೋಗುತ್ತದೆ ಎಂದಾದರೆ ಓದಿಸುವುದು ಹೇಗೆ? ಆದರೆ ವಿಷಯ ಅಷ್ಟು ನೇರವಲ್ಲ. 2008ರಲ್ಲಿ ಸಿಂಗಪುರದಲ್ಲಿ ಬೆಳೆಯುವ ಚೀನೀ ಮೂಲದ ಮಕ್ಕಳನ್ನೂ ಆಸ್ಟ್ರೇಲಿಯದ ಸಿಡ್ನಿಯಲ್ಲಿ ಬೆಳೆಯುವ ಅದೇ ಚೀನೀ ಮೂಲದ ಮಕ್ಕಳನ್ನೂ ಹೋಲಿಸಿದ ವರದಿ ಬಂತು. ಎಲ್ಲರೂ ಆರೇಳು ವರ್ಷದವರು. ಸಿಂಗಪುರದಲ್ಲಿ ನೂರಕ್ಕೆ 29.1 ಮಕ್ಕಳಿಗೆ ಸಮೀಪದೃಷ್ಟಿ. ಸಿಡ್ನಿಯಲ್ಲಿ 3.3. ಸಿಡ್ನಿಯ ಮಕ್ಕಳು ಪುಸ್ತಕ ಓದುವುದು ಕಡಿಮೆಯೋ ಎಂದರೆ, ಇಲ್ಲ, ಅವರೇ ಹೆಚ್ಚು ಓದುತ್ತಿದ್ದರು! ವ್ಯತ್ಯಾಸವಿದ್ದದ್ದು ಬಯಲಿನಲ್ಲಿ ಕಳೆಯುವ ಹೊತ್ತಿನಲ್ಲಿ. ಸಿಡ್ನಿಯವರು ವಾರಕ್ಕೆ 13 ಗಂಟೆ 45 ನಿಮಿಷ, ಸಿಂಗಪುರದವರು ಮೂರೇ ಗಂಟೆ.

ಹಗಲು ಬೆಳಕು ಕಣ್ಣಿಗೆ ಬಿದ್ದಾಗ ಅಕ್ಷಿಪಟದಲ್ಲಿ ಡೋಪಮೀನ್ ಎಂಬ ದ್ರವ್ಯ ಒಸರುತ್ತದೆ. ಅದು ಕಣ್ಣುಗುಡ್ಡೆಗೆ 'ಸಾಕು, ಬೆಳೆಯಬೇಡ' ಎಂದು ಹೇಳುವ ಒಂದು ಸಂಕೇತವೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತಿಳಿದಿದ್ದಾರೆ. ಕತ್ತಲ ಕೋಣೆಯಲ್ಲಿ ಕುಳಿತ ಮಗುವಿನ ಕಣ್ಣಿಗೆ ಈ ಸಂಕೇತ ಸಾಲದು. ಹತ್ತಿರದ ಕೆಲಸವೂ ಎಡೆಬಿಡದೆ ಸೇರಿಕೊಂಡರೆ ಕಣ್ಣು ಬೆಳೆಯುತ್ತಲೇ ಹೋಗುತ್ತದೆ. ಅಂದರೆ ಓದು ತಪ್ಪಿತಸ್ಥನೇ ಅಲ್ಲವೆಂದಲ್ಲ. ಆದರೆ ಬಯಲ ಬೆಳಕನ್ನು ಕಸಿದುಕೊಂಡ ಓದು ದೊಡ್ಡ ತಪ್ಪಿತಸ್ಥ.

ಈಗ ನಮ್ಮ ಮಲೆನಾಡಿಗೆ ಬನ್ನಿ. ಇಲ್ಲಿ ಬಯಲಿಗೇನು ಕೊರತೆ, ಕಾಡು ಗುಡ್ಡ ತೋಟದ ನಡುವೆಯೇ ಇದ್ದೇವಲ್ಲ ಎನ್ನಬಹುದು. ನಮ್ಮ ಅಪ್ಪಂದಿರ ಕಾಲದ ಮಕ್ಕಳು ಎರಡು ಮೂರು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದರು. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡು, ಹಳ್ಳದ ಮೇಲಿನ ಸಂಕ ದಾಟಿಕೊಂಡು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ದಾರಿಯಲ್ಲಿ ನೇರಳೆ ಹಣ್ಣು, ಮುರುಗಲ ಹಣ್ಣು ಎಂದು ಇನ್ನರ್ಧ ಗಂಟೆ. ಯಾರೂ ಹೇಳಿಕೊಡದೆಯೇ ದಿನಕ್ಕೆ ಎರಡು ಗಂಟೆಯ ಬೆಳಕು ಕಣ್ಣಿಗೆ ಸಿಗುತ್ತಿತ್ತು. ಸಂಕದಿಂದ ಜಾರಿ ಮಗು ಹಳ್ಳದ ಪಾಲಾಗುವ ಆ ಕಾಲ ಮರಳಿ ಬರಲೆಂದು ನಾನು ಹೇಳುತ್ತಿಲ್ಲ. ಸೇತುವೆ ಬೇಕು, ರಸ್ತೆ ಬೇಕು, ಅದಕ್ಕಾಗಿ ನಾವೇ ಹೋರಾಡಿದ್ದೇವೆ. ಆದರೆ ರಸ್ತೆ ಬಂದ ಮೇಲೆ ಶಾಲೆಯ ವ್ಯಾನೂ ಬಂತು. ಮಗು ಅಂಗಳದಿಂದ ವ್ಯಾನಿಗೆ, ವ್ಯಾನಿನಿಂದ ತರಗತಿಗೆ, ತರಗತಿಯಿಂದ ಟ್ಯೂಶನ್ನಿಗೆ, ಅಲ್ಲಿಂದ ಮನೆಯ ನಡುಕೋಣೆಗೆ. ಆ ನಡುಕೋಣೆ ಹೇಗಿರುತ್ತದೆ ನಿಮಗೆ ಗೊತ್ತು. ಮಳೆಯ ಹೊಡೆತಕ್ಕೆ ಸೂರು ತಗ್ಗಿಸಿ, ಕಿಟಕಿ ಕಿರಿದು ಮಾಡಿ ಕಟ್ಟಿದ ಮನೆಗಳು ನಮ್ಮವು. ನಡುಮಧ್ಯಾಹ್ನವೂ ದೀಪ ಬೇಕು. ಪೇಟೆಯ ಬಾಡಿಗೆ ಮನೆಗಳಾದರೋ, ಅಂಗಡಿಯ ಹಿಂದಿನ ಒಂದು ಕೋಣೆ. ಅದಕ್ಕೆ ಕಿಟಕಿಯೇ ಇಲ್ಲ.

ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎನ್ನುತ್ತಾರೆ. ದೀಪ ಹಚ್ಚಿದ ಮನೆಯೊಳಗೆ ನೂರು, ಇನ್ನೂರು, ಬಹಳವೆಂದರೆ ಐನೂರು. ಹೊರಗೆ ಬಿಸಿಲಿನಲ್ಲಿ ಐವತ್ತು ಸಾವಿರ, ಲಕ್ಷ. ಮರದ ನೆರಳಿನಲ್ಲೂ ಸಾವಿರಗಳ ಲೆಕ್ಕ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡುಬಿಡುವುದರಿಂದ ಈ ಅಂತರ ನಮಗೆ ತಿಳಿಯುವುದಿಲ್ಲ. ತೈವಾನಿನಲ್ಲಿ 2018ರಲ್ಲಿ ಪ್ರಕಟವಾದ ಒಂದು ಶೋಧನೆಯ ಪ್ರಕಾರ ಉರಿಬಿಸಿಲೇ ಬೇಕೆಂದಿಲ್ಲ. ಸಾವಿರ ಲಕ್ಸ್ ದಾಟಿದ ಬೆಳಕು ಸಾಕು, ಮರದ ಕೆಳಗಾದರೂ ಸರಿ, ಶಾಲೆಯ ತೆರೆದ ಮೊಗಸಾಲೆಯಲ್ಲಾದರೂ ಸರಿ. ನನಗೆ ಇದು ನಮ್ಮ ಸೀಮೆಗಾಗಿಯೇ ಹೇಳಿದಂತೆ ಕಂಡಿತು. ಹುಲಿಕಲ್ಲು, ಆಗುಂಬೆಗಳಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಗುವನ್ನು ಹೊರಗೆ ಬಿಡುವುದು ಹೇಗೆ ಎಂದು ತಾಯಂದಿರು ಕೇಳುತ್ತಾರೆ. ನೆನೆಯಲು ಬಿಡಬೇಡಿ. ಜಗಲಿಯ ಅಂಚಿಗೆ ತನ್ನಿ. ಮೋಡ ಕವಿದ ದಿನವೂ ಜಗಲಿಯ ಅಂಚಿನ ಬೆಳಕು ನಡುಕೋಣೆಯ ಬೆಳಕಿಗಿಂತ ಅನೇಕ ಪಾಲು ಹೆಚ್ಚು. ಮಳೆ ಬಿಟ್ಟ ಹೊತ್ತಿನಲ್ಲಿ ಅಂಗಳಕ್ಕೆ ಓಡಿಸಿ. ಅಡಿಕೆ ತೋಟದ ನೆರಳಿನಲ್ಲಿ ಆಡಿದರೂ ಲೆಕ್ಕಕ್ಕೆ ಬರುತ್ತದೆ. ಸೂರ್ಯನನ್ನು ನೇರವಾಗಿ ನೋಡಬಾರದು ಎಂಬುದನ್ನು ಮಾತ್ರ ಹೇಳಿಕೊಡಿ. ಅದು ಬೇರೆ ಅಪಾಯ.

ಇದು ಬರೀ ಊಹೆಯಲ್ಲ, ಮಾಡಿ ನೋಡಿದ್ದಾರೆ. ಚೀನದ ಗ್ವಾಂಗ್‌ಜೌ ನಗರದಲ್ಲಿ 2010ರಿಂದ ಮೂರು ವರ್ಷ ಹನ್ನೆರಡು ಪ್ರಾಥಮಿಕ ಶಾಲೆಗಳನ್ನು ಎರಡು ಪಾಲು ಮಾಡಿ, ಒಂದು ಪಾಲಿನ ಒಂದನೆಯ ತರಗತಿಯ ಮಕ್ಕಳಿಗೆ ದಿನವೂ 40 ನಿಮಿಷ ಹೆಚ್ಚಾಗಿ ಹೊರಗೆ ಆಟವಿಟ್ಟರು. ಮೂರು ವರ್ಷದ ಕೊನೆಗೆ ಹಳೆಯ ಕ್ರಮದ ಶಾಲೆಗಳಲ್ಲಿ ನೂರಕ್ಕೆ 39.5 ಮಕ್ಕಳಿಗೆ ಹೊಸದಾಗಿ ದೋಷ ಬಂದಿತ್ತು, ಆಟವಿಟ್ಟ ಶಾಲೆಗಳಲ್ಲಿ 30.4. ಔಷಧಿಯಿಲ್ಲ, ಯಂತ್ರವಿಲ್ಲ, ಬರೀ 40 ನಿಮಿಷದ ಆಟಕ್ಕೆ ನೂರರಲ್ಲಿ ಒಂಬತ್ತು ಮಕ್ಕಳು ಉಳಿದರು. ತೈವಾನಿನ ಸರ್ಕಾರ 2010ರಲ್ಲಿ ದಿನಕ್ಕೆ ಎರಡು ಗಂಟೆ ಬಯಲು ಎಂದು ಎಲ್ಲ ಪ್ರಾಥಮಿಕ ಶಾಲೆಗಳಲ್ಲೂ ಕಾರ್ಯಕ್ರಮ ಹಾಕಿಕೊಂಡಿತು. ದೃಷ್ಟಿ ಕುಗ್ಗಿದ ಮಕ್ಕಳು ಅಲ್ಲಿ 2001ರಲ್ಲಿ ನೂರಕ್ಕೆ 34.8 ಇದ್ದವರು 2011ಕ್ಕೆ 50 ಆಗಿದ್ದರು. 2015ಕ್ಕೆ ಅದು 46.1ಕ್ಕೆ ಇಳಿಯಿತು. ಇಳಿದದ್ದು ನಾಲ್ಕೇ ಇರಬಹುದು. ಏರುತ್ತಲೇ ಇದ್ದದ್ದು ತಿರುಗಿತು ಎಂಬುದು ದೊಡ್ಡದು. ಇದರ ತದ್ವಿರುದ್ಧ ಪ್ರಯೋಗವನ್ನು ಕೊರೋನಾ ಮಾಡಿತೋರಿಸಿತು. ಚೀನದ ಶಾನ್‌ದೊಂಗ್ ಪ್ರಾಂತದ ಒಂದು ಊರಿನಲ್ಲಿ ಆರು ವರ್ಷದ ಮಕ್ಕಳಲ್ಲಿ ಹಿಂದಿನ ಐದು ವರ್ಷಗಳಲ್ಲಿ ನೂರಕ್ಕೆ 5.7 ದಾಟದಿದ್ದದ್ದು, ಮನೆಯೊಳಗೆ ಕೂಡಿಹಾಕಿದ 2020ರಲ್ಲಿ 21.5ಕ್ಕೆ ಹಾರಿತು. (ನಮ್ಮಲ್ಲಿ ಆ ವರ್ಷ ನೆಟ್‌ವರ್ಕು ಹುಡುಕಿ ಗುಡ್ಡ ಹತ್ತಿದ ಮಕ್ಕಳು ಅಷ್ಟರಮಟ್ಟಿಗೆ ಪುಣ್ಯವಂತರು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ.)

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಬಯಲ ಬೆಳಕು ದೋಷ ಬರುವುದನ್ನು ತಡೆಯುವುದರಲ್ಲಿ ಬಲವಾದದ್ದು. ಆಗಲೇ ಬಂದಿರುವ ದೋಷ ಏರುವುದನ್ನು ಅದು ಅಷ್ಟು ಬಲವಾಗಿ ತಡೆಯುತ್ತದೆಂದು ಸಿದ್ಧವಾಗಿಲ್ಲ. ದೆಹಲಿಯ ಅದೇ ವೈದ್ಯರು ವಾರಕ್ಕೆ 14 ಗಂಟೆ ಹೊರಗೆ ಕಳೆಯುವ ಮಕ್ಕಳಲ್ಲಿ ಏರಿಕೆ ಕಡಿಮೆಯೆಂದು ಕಂಡಿದ್ದಾರೆ. ಹಾಗಾಗಿ ಕನ್ನಡಕದ ಮಗುವನ್ನೂ ಆಟಕ್ಕೆ ಕಳಿಸಬೇಕು. ಆದರೆ ಅದೊಂದನ್ನೇ ನಂಬಿ ಕನ್ನಡಕ ತೆಗೆದಿಡಬಾರದು. ಕಣ್ಣು ಸರಿಯಿರುವ ಐದಾರು ವರ್ಷದ ಮಗುವಿಗೆ ಈ ಎರಡು ಗಂಟೆ ಎಲ್ಲಕ್ಕಿಂತ ಮುಖ್ಯ. ಆ ವಯಸ್ಸಿನಲ್ಲೇ ನಾವು ಅದನ್ನು ಎಲ್.ಕೆ.ಜಿ., ಯು.ಕೆ.ಜಿ. ಎಂದು ಕೂಡಿಹಾಕುತ್ತಿದ್ದೇವೆ.

ಇನ್ನು ಹತ್ತಿರದ ಕೆಲಸ. ಪುಸ್ತಕ ಕಣ್ಣಿನಿಂದ ಒಂದು ಅಡಿಗಿಂತ ಹತ್ತಿರ ಬರಬಾರದು. ಮೊಣಕೈಯನ್ನು ಮೇಜಿಗೂರಿ ಮುಷ್ಟಿಯನ್ನು ಗಲ್ಲಕ್ಕೆ ಕೊಟ್ಟರೆ ಎಷ್ಟೋ ಅಷ್ಟು ದೂರ. ಅರ್ಧ ಗಂಟೆಗೊಮ್ಮೆ ಎದ್ದು ದೂರದ ಗುಡ್ಡವನ್ನೋ ತೆಂಗಿನ ಮರವನ್ನೋ ನೋಡಿಬರಲಿ. ಮಲಗಿಕೊಂಡು ಓದುವುದು ಬೇಡ. ಆಗ ಪುಸ್ತಕ ತಾನಾಗಿ ಮೂಗಿಗೆ ಬರುತ್ತದೆ. ಫೋನು ಪುಸ್ತಕಕ್ಕಿಂತ ಕೆಟ್ಟದ್ದು. ಅದರೊಳಗಿನ ಬೆಳಕಿನಲ್ಲಿ ವಿಷವಿದೆಯೆಂದಲ್ಲ; ಅದನ್ನು ಇನ್ನೂ ಹತ್ತಿರ ಹಿಡಿಯುತ್ತಾರೆ, ಪುಸ್ತಕದಂತೆ ಬೇಸರ ಬಂದು ಕೆಳಗಿಡುವುದಿಲ್ಲ, ಅಂಗಳಕ್ಕೆ ಹೋಗುವ ಹೊತ್ತನ್ನೇ ಅದು ನುಂಗುತ್ತದೆ. ಗಲ್ಲದ ಮೇಲೆ ಕುಳಿತ ಅಪ್ಪ ಗಿರಾಕಿ ಬಂದಾಗ ಮಗು ಅಳಬಾರದೆಂದು ಫೋನು ಕೊಟ್ಟು ಮೂಲೆಗೆ ಕೂರಿಸುವುದನ್ನು ಪೇಟೆಯಲ್ಲಿ ಯಾರೂ ನೋಡಬಹುದು. ಅಪ್ಪನ ಕಷ್ಟ ನನಗೆ ತಿಳಿಯುತ್ತದೆ, ಹನ್ನೆರಡು ಗಂಟೆ ಅಂಗಡಿ ತೆರೆದಿಟ್ಟವನು ಮಗುವನ್ನು ಆಡಿಸುವುದು ಯಾವಾಗ? ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಗೋಲಿಯೋ ಚನ್ನೆಮಣೆಯೋ ಕೊಟ್ಟು ಕೂರಿಸಿದರೂ ಮೂಲೆಯ ಫೋನಿಗಿಂತ ಮೇಲು.

ಕನ್ನಡಕದ ಬಗ್ಗೆ ನಮ್ಮಲ್ಲಿ ಇರುವಷ್ಟು ತಪ್ಪು ತಿಳಿವಳಿಕೆ ಬೇರೆ ಯಾವುದರ ಬಗ್ಗೆಯೂ ಇಲ್ಲ. ಕನ್ನಡಕ ಹಾಕಿದರೆ ನಂಬರು ಏರುತ್ತದೆ, ಹಾಕದಿದ್ದರೆ ಕಣ್ಣು ತಾನೇ ಬಲಿಯುತ್ತದೆ ಎನ್ನುತ್ತಾರೆ. ಇನ್ನು ಕೆಲವರು ಸ್ವಲ್ಪ ಕಡಿಮೆ ನಂಬರಿನದೇ ಕೊಡಿ ಎಂದು ಅಂಗಡಿಯವರಲ್ಲಿ ಚೌಕಾಶಿ ಮಾಡುತ್ತಾರೆ. ಮಲೇಷ್ಯದಲ್ಲಿ ಈ ನಂಬಿಕೆಯನ್ನೇ ಪರೀಕ್ಷಿಸಿದ ವರದಿ 2002ರಲ್ಲಿ ಬಂತು. 94 ಮಕ್ಕಳಲ್ಲಿ ಅರ್ಧ ಮಂದಿಗೆ ಪೂರ್ತಿ ನಂಬರು, ಉಳಿದವರಿಗೆ ಮುಕ್ಕಾಲು ಕಡಿಮೆ. ಎರಡು ವರ್ಷದ ಮೇಲೆ ನೋಡಿದರೆ ಪೂರ್ತಿ ಹಾಕಿದವರಿಗೆ 0.77 ಏರಿತ್ತು, ಕಡಿಮೆ ಹಾಕಿದವರಿಗೆ ಪೂರ್ತಿ 1. ಕಡಿಮೆ ಕೊಟ್ಟು ಉಪಕಾರವಾಗಲಿಲ್ಲ, ಅಪಕಾರವಾಯಿತು. ವೈದ್ಯರು ಬರೆದ ನಂಬರನ್ನೇ ಹಾಕಿಸಿ, ವರ್ಷಕ್ಕೊಮ್ಮೆಯಾದರೂ ಮತ್ತೆ ಪರೀಕ್ಷೆ ಮಾಡಿಸಿ, ಹಳೆಯ ಚೀಟಿಗಳನ್ನು ರೇಷನ್ ಕಾರ್ಡಿನಂತೆ ಜೋಪಾನವಾಗಿಡಿ. ಏರುವ ವೇಗ ಅದರಿಂದಲೇ ತಿಳಿಯುವುದು. ಅಣ್ಣನ ಹಳೆಯ ಕನ್ನಡಕವನ್ನು ತಂಗಿಗೆ ಹಾಕಬೇಡಿ. ಜಾತ್ರೆಯಲ್ಲಿ ಕೊಂಡದ್ದನ್ನೂ ಹಾಕಬೇಡಿ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿ ಹೇಳಬೇಕು. ಕನ್ನಡಕ ಹಾಕಿದರೆ ಗಂಡು ಸಿಗುವುದು ಕಷ್ಟವೆಂದು ಎಷ್ಟೋ ಮನೆಗಳಲ್ಲಿ ಪರೀಕ್ಷೆಯನ್ನೇ ಮಾಡಿಸುವುದಿಲ್ಲ. ಮಾಡಿಸಿದರೂ ಕನ್ನಡಕ ಪೆಟ್ಟಿಗೆಯಲ್ಲಿ. ಹುಡುಗಿ ಬೋರ್ಡು ಕಾಣದೆ ಫೇಲಾದರೆ ಅದನ್ನೇ ನೆಪ ಮಾಡಿ ಶಾಲೆ ಬಿಡಿಸುತ್ತಾರೆ. ಅವಳ ಕಣ್ಣಿಗೆ ಬೆಲೆ ಕಟ್ಟುವುದು ಯಾವನೋ ವರನಲ್ಲ. ಸಭೆಯಲ್ಲಿ ಕುಳಿತಿರುವ ಹಿರಿಯರು ಇದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಬೇಕು.

ಪತ್ತೆ ಮಾಡುವುದಕ್ಕೆ ಖರ್ಚಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಗುವಿನ ಒಂದು ಕಣ್ಣನ್ನು ಅಂಗೈಯಿಂದ ಒತ್ತದೆ ಮುಚ್ಚಿ, ಎದುರಿನ ಬಸ್ಸಿನ ಬೋರ್ಡು ಓದಿಸಿ. ಆಮೇಲೆ ಇನ್ನೊಂದು ಕಣ್ಣು. ನೀವು ಓದಬಲ್ಲದ್ದನ್ನು ಅದು ಓದದಿದ್ದರೆ ಅನುಮಾನ ಪಡಿ. ಕಣ್ಣು ಕಿರಿದು ಮಾಡಿ ನೋಡುವುದು, ಟಿವಿಯ ಮುಂದೆ ಹೋಗಿ ಕೂರುವುದು, ಚೆಂಡು ಹಿಡಿಯಲಾರದೆ ಆಟ ಬಿಡುವುದು, ಇವೂ ಗುರುತುಗಳೇ. ಮಗು ತಾನಾಗಿ ಹೇಳುವುದಿಲ್ಲ; ಲೋಕ ಇರುವುದೇ ಹೀಗೆ ಮಸುಕಾಗಿ ಎಂದು ತಿಳಿದಿರುತ್ತದೆ. ಅನುಮಾನ ಬಂದರೆ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ. ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಶುರುವಾದದ್ದು; ಬಡ ಶಾಲಾಮಕ್ಕಳಿಗೆ ಉಚಿತ ಕನ್ನಡಕ ಅದರಲ್ಲಿದೆ. 2013ರಲ್ಲಿ ಬಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡ ಸರ್ಕಾರಿ ಶಾಲೆಗೇ ಬಂದು ಮಕ್ಕಳನ್ನು ನೋಡಬೇಕು. ಇದು ಧರ್ಮವಲ್ಲ, ನಮ್ಮ ತೆರಿಗೆಯ ಹಣ. ತಂಡ ನಿಮ್ಮ ಊರಿನ ಶಾಲೆಗೆ ಈ ವರ್ಷ ಬಂದಿತ್ತೇ, ಬಂದವರು ಕಣ್ಣು ನೋಡಿದರೇ, ಬರೆದುಕೊಂಡ ಕನ್ನಡಕ ಮಗುವಿನ ಕೈಸೇರಿತೇ ಎಂಬ ಮೂರು ಪ್ರಶ್ನೆಗಳನ್ನು ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಕೇಳಿ. ಮೂರನೆಯದನ್ನು ಮರೆಯಬೇಡಿ.

ಔಷಧಿಯೂ ಒಂದುಂಟು, ಅಟ್ರೋಪಿನ್ ಎಂಬ ಹನಿ. ಬಹಳ ತೆಳುವಾಗಿ ಮಾಡಿ ರಾತ್ರಿ ಮಲಗುವಾಗ ಒಂದು ಹನಿ ಹಾಕುತ್ತಾರೆ. 2019ರಲ್ಲಿ ಪ್ರಕಟವಾದ ಹಾಂಗ್‌ಕಾಂಗಿನ ಪರೀಕ್ಷೆಯಲ್ಲಿ ಒಂದು ವರ್ಷದ ಏರಿಕೆ ನೂರಕ್ಕೆ 0.05ರ ಹನಿಯಿಂದ ನೂರರಲ್ಲಿ 67 ಪಾಲು, 0.01ರ ಹನಿಯಿಂದ 27 ಪಾಲು ತಗ್ಗಿತು. ನಮ್ಮ ದೇಶದ ಮಕ್ಕಳ ಮೇಲೆ 0.01ರದನ್ನೇ ಪರೀಕ್ಷಿಸಿ 2021ರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತಗ್ಗಿತೆಂದು ಹೇಳಿದ್ದಾರೆ. 2023ರಲ್ಲಿ ಅಮೆರಿಕದವರು ಅದೇ ಹನಿಯಿಂದ ಪ್ರಯೋಜನ ಕಾಣಲಿಲ್ಲ ಎಂದರು. ಅಂದರೆ ಇದು ವೈದ್ಯರು ಕಣ್ಣು ಅಳೆದು, ಮಗುವನ್ನು ನೋಡಿ ತೀರ್ಮಾನಿಸಬೇಕಾದ್ದು. ನಾವು ಅಂಗಡಿಯಲ್ಲಿ ಕೊಂಡು ಹಾಕುವಂಥದಲ್ಲ. ಇಲ್ಲೊಂದು ಎಚ್ಚರಿಕೆ: ಅಟ್ರೋಪಿನ್ ನಮ್ಮ ಬೇಲಿಯ ಉಮ್ಮತ್ತದ ಗಿಡದಲ್ಲೂ ಇದೆ. ಅದು ಗೊತ್ತಾದ ಮೇಲೆ ಯಾರಾದರೂ ಅದರ ಎಲೆಯ ರಸ ಹಿಂಡಿ ಕಣ್ಣಿಗೆ ಬಿಟ್ಟೀರಿ! ಅದು ವಿಷ. ಮಗುವಿನ ಪ್ರಾಣಕ್ಕೇ ಅಪಾಯ. ಜೇನು, ಹರಳೆಣ್ಣೆ, ಹೆಸರಿಲ್ಲದ ಬಾಟಲಿಯ ಅಂಜನ, ಯಾವುದೂ ಬೇಡ. ನುಗ್ಗೆಸೊಪ್ಪು, ಬಸಳೆ, ಪಪ್ಪಾಯಿ ಧಾರಾಳವಾಗಿ ತಿನ್ನಿಸಿ. ಎ ಜೀವಸತ್ವ ಸಾಲದೆ ಬರುವ ಇರುಳುಗಣ್ಣಿಗೆ ಅದು ಒಳ್ಳೆಯದು, ಆದರೆ ಉದ್ದವಾದ ಕಣ್ಣನ್ನು ಅದು ಗಿಡ್ಡ ಮಾಡದು. ಏರಿಕೆ ತಗ್ಗಿಸುವ ವಿಶೇಷ ಗಾಜಿನ ಕನ್ನಡಕಗಳೂ ಈಚೆಗೆ ಬಂದಿವೆ. ಕೆಲಸ ಮಾಡುತ್ತವೆ, ಬೆಲೆ ನಮ್ಮ ಕೈಗೆಟುಕದು.

ಶಾಲೆಗಳಿಂದ ನಾವು ಏನು ಕೇಳಬೇಕು? 2009ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಪ್ರತಿ ಶಾಲೆಗೂ ಆಟದ ಮೈದಾನವಿರಬೇಕೆಂದಿದೆ. ಪೇಟೆಯ ಎರಡು ಮಹಡಿ ಕಟ್ಟಡದಲ್ಲಿ ಶಾಲೆ ನಡೆಸಿ ಫೀಜು ಎಣಿಸುವವರಿಗೆ ಮೈದಾನ ಎಲ್ಲಿ ಎಂದು ಕೇಳಿದವರುಂಟೇ? 2019ರಲ್ಲಿ ನಮ್ಮ ರಾಜ್ಯ ಸರ್ಕಾರವೇ ಒಂದು ಎರಡನೆಯ ತರಗತಿಗಳಿಗೆ ಮನೆಪಾಠ ಕೊಡಬಾರದು, ತಿಂಗಳ ಮೂರನೆಯ ಶನಿವಾರ ಚೀಲವಿಲ್ಲದ ದಿನವಾಗಬೇಕು ಎಂದು ಆದೇಶ ಹೊರಡಿಸಿತು. ಅದನ್ನು ಹಿಡಿದುಕೊಂಡು ಹೋಗಿ ಮಾತಾಡಿ. ಬಿಡುವಿನ ಹೊತ್ತಿನಲ್ಲಿ ತರಗತಿಗೆ ಬೀಗ ಹಾಕಿ ಎಲ್ಲ ಮಕ್ಕಳನ್ನೂ ಹೊರಗೆ ಕಳಿಸಲಿ, ಆಟದ ಪೀರಿಯಡ್ಡನ್ನು ಗಣಿತದ ಮೇಷ್ಟರು ನುಂಗದಿರಲಿ, ಊಟವನ್ನು ಜಗಲಿಯಲ್ಲಿ ಹಾಕಲಿ. ಇದಕ್ಕೆ ಕಾಸು ಬೇಡ. ಗಿರಣಿಯವರು, ಅಂಗಡಿಯವರು ಇಬ್ಬರೂ ಒಟ್ಟಿಗೆ ಹೋದರೆ ಮುಖ್ಯೋಪಾಧ್ಯಾಯರು ಕೇಳುತ್ತಾರೆ. ಒಬ್ಬೊಬ್ಬರೇ ಹೋದರೆ ಚಹಾ ಕೊಟ್ಟು ಕಳಿಸುತ್ತಾರೆ.

ಸಭೆಗಳಲ್ಲಿ ಬಂದ ಒಂದೆರಡು ಪ್ರಶ್ನೆಗಳಿಗೆ ಉತ್ತರ ಹೇಳಿ ಮುಗಿಸುತ್ತೇನೆ. ಗುಡಿಗಾರರ ಮಕ್ಕಳು ಚಿಕ್ಕಂದಿನಿಂದಲೇ ಕೆತ್ತನೆ ಕಲಿಯಬಹುದೇ ಎಂದು ಸಾಗರದಲ್ಲಿ ಕೇಳಿದರು. ಕಲಿಯಲಿ, ಆದರೆ ಕಿಟಕಿಯಿಲ್ಲದ ಕೋಣೆಯಲ್ಲಲ್ಲ, ಜಗಲಿಯಲ್ಲಿ. ಒಂದೇ ಪಟ್ಟಿನಲ್ಲಿ ಗಂಟೆಗಟ್ಟಲೆ ಬೇಡ. ಹದಿನೆಂಟು ತುಂಬಿದ ಮೇಲೆ ಲೇಸರ್ ಮಾಡಿಸಿದರೆ ಎಲ್ಲ ಸರಿಹೋಗುವುದಲ್ಲವೇ ಎಂದು ತೀರ್ಥಹಳ್ಳಿಯಲ್ಲಿ ಒಬ್ಬರು ಕೇಳಿದರು. ನಂಬರು ನಿಂತ ಮೇಲೆ ಅದನ್ನು ಮಾಡುತ್ತಾರೆ, ಕನ್ನಡಕ ತಪ್ಪುತ್ತದೆ. ಆದರೆ ಅದು ಕಣ್ಣಿನ ಮುಂಭಾಗವನ್ನು ತಿದ್ದುತ್ತದೆಯೇ ಹೊರತು ಹಿಂದಕ್ಕೆ ಜಗ್ಗಿದ ಅಕ್ಷಿಪಟ ಹಾಗೆಯೇ ಉಳಿಯುತ್ತದೆ. ಆದ್ದರಿಂದ ದೊಡ್ಡ ನಂಬರಿನವರು ಲೇಸರ್ ಆದ ಮೇಲೂ ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗ ತೋರಿಸಬೇಕು. ಕಣ್ಣಿನೊಳಗೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಸುರಿದರೆ, ಒಂದು ಬದಿಯಿಂದ ಪರದೆ ಇಳಿದಂತೆ ಕಂಡರೆ, ನಾಳೆ ನೋಡೋಣವೆನ್ನದೆ ಅದೇ ದಿನ ಶಿವಮೊಗ್ಗದ ಬಸ್ಸು ಹತ್ತಿ.